ಬಿರುಕು ಬಿಟ್ಟ ಬಂಡೆಯ ಎಣ್ಣೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬಿರುಕುಗಳಿರುವ ಬಂಡೆಗೆ ಕೊರೆದ ತೈಲಬಾವಿ ಮೊದಮೊದಲು ಧಾರಾಳವಾಗಿ ಎಣ್ಣೆ ಕೊಟ್ಟು, ಕೆಲವೇ ತಿಂಗಳಲ್ಲಿ ಸೊರಗುವುದೇಕೆ?

ಉತ್ತರ: ಎಣ್ಣೆ ಹರಿದು ಬರುವ ಜಾಗ ಬೇರೆ, ಅದು ಶೇಖರವಾಗಿರುವ ಜಾಗ ಬೇರೆ. ಒಂದು ಘನ ಮೀಟರ್ ಸುಣ್ಣಕಲ್ಲಿನಲ್ಲಿ ಸೂಕ್ಷ್ಮ ರಂಧ್ರಗಳು 10% ಇದ್ದರೆ ಅವುಗಳಲ್ಲಿ 100 ಲೀಟರ್ ದ್ರವ ಹಿಡಿಸುತ್ತದೆ. ಅದೇ ಕಲ್ಲನ್ನು ಆರಪಾರ ಸೀಳಿದ 0.1 ಮಿ.ಮೀ. ಅಗಲದ ಬಿರುಕಿನಲ್ಲಿ ಹಿಡಿಸುವುದು 100 ಮಿಲಿಲೀಟರ್ ಮಾತ್ರ. ಹರಿವಿನ ಲೆಕ್ಕ ಇದಕ್ಕೆ ತದ್ವಿರುದ್ಧ. ಬಿರುಕಿನ ಅಗಲ ಎರಡು ಪಟ್ಟಾದರೆ ಹರಿವು ಎಂಟು ಪಟ್ಟಾಗುತ್ತದೆ. ಕಲ್ಲು ದ್ರವವನ್ನು ಎಷ್ಟು ಸುಲಭವಾಗಿ ಹರಿಯಬಿಡುತ್ತದೆ ಎಂಬುದೇ ಪಾರಗಮ್ಯತೆ, ಅದರ ಅಳತೆ ಮಿಲಿಡಾರ್ಸಿ. ಬರೇ 1 ಮಿಲಿಡಾರ್ಸಿ ಪಾರಗಮ್ಯತೆಯ ಕಲ್ಲಿನಲ್ಲಿ ಮೀಟರಿಗೊಂದರಂತೆ ಇಂಥ ಬಿರುಕುಗಳಿದ್ದರೆ, ಅವುಗಳ ಉದ್ದಕ್ಕೂ ಒಟ್ಟು ಪಾರಗಮ್ಯತೆ ಸುಮಾರು 85 ಮಿಲಿಡಾರ್ಸಿಗೆ ಏರುತ್ತದೆ. ಇದು ನಯವಾದ ಗೋಡೆಯ ಬಿರುಕಿನ ಲೆಕ್ಕ. ನಿಜವಾದವು ಒರಟು, ಅಲ್ಲಲ್ಲಿ ಖನಿಜ ತುಂಬಿದವು, ಹಾಗಾಗಿ ಇಷ್ಟು ಹರಿಸುವುದಿಲ್ಲ.

ಬಾವಿಗೆ ಮೊದಲು ಬರುವುದು ಬಿರುಕಿನಲ್ಲಿದ್ದ ಎಣ್ಣೆ. ಅದು ಮುಗಿದ ಮೇಲೆ ಕಲ್ಲು ಎಷ್ಟು ಬೇಗ ಬಿರುಕಿಗೆ ಎಣ್ಣೆ ಬಿಟ್ಟುಕೊಡುತ್ತದೆ ಎಂಬುದೇ ಇಳುವರಿಯನ್ನು ನಿರ್ಧರಿಸುತ್ತದೆ. ಮೊದಲ ವಾರಗಳ ಇಳುವರಿ ನೋಡಿ ನಿಕ್ಷೇಪದ ಗಾತ್ರ ಅಂದಾಜಿಸುವುದು ಅಪಾಯಕಾರಿ ಎಂದು ಒತ್ತಿ ಹೇಳಬೇಕಾಗಿರುವುದು ಇದಕ್ಕೇ.

ಇನ್ನೊಂದು ಕಾರಣವೂ ಉಂಟು. ಎಣ್ಣೆ ತೆಗೆದಂತೆ ಒಳಗಿನ ದ್ರವದ ಒತ್ತಡ ಇಳಿಯುತ್ತದೆ, ಸುತ್ತಲ ಬಂಡೆಯ ಭಾರ ಬಿರುಕನ್ನು ಅಮುಕುತ್ತದೆ. ಅಗಲ ಅರ್ಧವಾದರೆ ಹರಿವು ಎಂಟನೇ ಒಂದಕ್ಕೆ ಕುಸಿಯುತ್ತದೆ. ಮತ್ತೆ ಒತ್ತಡ ಏರಿಸಿದರೂ ಬಿರುಕು ಪೂರ್ತಿ ತೆರೆದುಕೊಳ್ಳುವುದಿಲ್ಲ. ಆದ್ದರಿಂದ ಮೊದಲ ದಿನದಿಂದಲೇ ಚೋಕ್ (ಬಾವಿಯ ಬಾಯಲ್ಲಿ ಹರಿವನ್ನು ನಿಯಂತ್ರಿಸುವ ಸಾಧನ) ಬಿಗಿಹಿಡಿದು, ಬಾವಿಯ ತಳದ ಒತ್ತಡ ತೀರಾ ಇಳಿಯದಂತೆ ನೋಡಿಕೊಳ್ಳಬೇಕು. ಬಿರುಕಿನ ನಡುವೆ ಅಲ್ಲಲ್ಲಿ ಕ್ಯಾಲ್ಸೈಟ್ ಎಂಬ ಖನಿಜದ ಹರಳುಗಳು ಊರುಗೋಲಿನಂತೆ ನಿಂತಿದ್ದರೆ ಅದು ಅಷ್ಟು ಸುಲಭವಾಗಿ ಮುಚ್ಚುವುದಿಲ್ಲ. ಅದೇ ಕ್ಯಾಲ್ಸೈಟ್ ಪೂರ್ತಿ ತುಂಬಿಕೊಂಡರೆ ಬಿರುಕು ಹರಿವಿಗೆ ಅಡ್ಡಗೋಡೆಯಾಗುತ್ತದೆ.

ವಿಯೆಟ್ನಾಮಿನ ಬಾಕ್ ಹೋ ಕ್ಷೇತ್ರದ ಮಾತು ಬೇರೆ. ಅಲ್ಲಿನ ಎಣ್ಣೆ ಗ್ರಾನೈಟ್ ತಳಬಂಡೆಯಲ್ಲಿದೆ. ಗಟ್ಟಿ ಕಲ್ಲಿನಲ್ಲಿ ರಂಧ್ರಗಳು ಇಲ್ಲವೆನ್ನುವಷ್ಟು ಕಡಿಮೆ. ಬಿರುಕುಗಳೂ ಅವುಗಳ ಸುತ್ತ ಸವೆದು ಸಡಿಲಗೊಂಡ ಭಾಗಗಳೂ ಹರಿಸುವ ಕೆಲಸದ ಜೊತೆಗೆ ಸಂಗ್ರಹದ ಕೆಲಸವನ್ನೂ ಮಾಡುತ್ತವೆ.

ಪ್ರಶ್ನೆ: ನೀರು ಒತ್ತಿ ಎಣ್ಣೆ ಹೊರತಳ್ಳುವ ವಿಧಾನ ಇಂಥಲ್ಲಿ ಫಲಿಸುತ್ತದೆಯೇ?

ಉತ್ತರ: ಕಲ್ಲು ನೀರನ್ನು ಹೀರುತ್ತದೆಯೇ ಇಲ್ಲವೇ ಎಂಬುದರ ಮೇಲೆ ಹೋಗುತ್ತದೆ. ಹೀರುವ ಕಲ್ಲಾದರೆ ಬಿರುಕಿಗೆ ಬಂದ ನೀರು ರಂಧ್ರಗಳೊಳಗೆ ಇಳಿದು ಎಣ್ಣೆಯನ್ನು ಬಿರುಕಿಗೆ ನೂಕುತ್ತದೆ. ಉತ್ತರ ಸಮುದ್ರದ ಎಕೋಫಿಸ್ಕ್ ಸೀಮೆಸುಣ್ಣದ ನಿಕ್ಷೇಪದಲ್ಲಿ 1987ರಲ್ಲಿ ದೊಡ್ಡ ಪ್ರಮಾಣದಲ್ಲಿ ನೀರು ಒತ್ತಲು ತೊಡಗಿದ ಮೇಲೆ ಇಳುವರಿ ಚೇತರಿಸಿಕೊಂಡದ್ದು ಹೀಗೆ. ಕಲ್ಲಿನ ಮೈಗೆ ಎಣ್ಣೆಯೇ ಅಂಟಿಕೊಂಡಿದ್ದರೆ ನೀರು ಒಳಹೋಗದೆ ಬಿರುಕಿನ ಗುಂಟ ಓಡಿ ಉತ್ಪಾದನಾ ಬಾವಿಗೆ ಸೇರುತ್ತದೆ, ಎಣ್ಣೆ ಕಲ್ಲಿನಲ್ಲೇ ಉಳಿಯುತ್ತದೆ.

ಹಾಗಾಗಿ ಪಂಪು ಕೊಳ್ಳುವ ಮುಂಚೆ ಒಂದು ಪರೀಕ್ಷೆ ಆಗಲೇಬೇಕು. ಎಣ್ಣೆ ತುಂಬಿದ ಕೋರ್ (ಬಾವಿಯಿಂದ ಕೊರೆದು ತೆಗೆದ ಕಲ್ಲಿನ ಮಾದರಿ) ತುಂಡನ್ನು ನಿಕ್ಷೇಪದ ತಾಪಮಾನದ ನೀರಿನಲ್ಲಿ ಮುಳುಗಿಸಿಟ್ಟು, ತಾನಾಗಿ ಎಷ್ಟು ಎಣ್ಣೆ ಹೊರಬರುತ್ತದೆ ಎಂದು ವಾರಗಟ್ಟಲೆ ಅಳೆಯಬೇಕು. ದ್ರಾವಕದಲ್ಲಿ ತೊಳೆದ ಕೋರ್ ಇದಕ್ಕೆ ಆಗದು. ತೊಳೆದರೆ ಕಲ್ಲಿನ ಗುಣವೇ ಬದಲಾಗಿ ನೀರು ಹೀರುವಂತೆ ಕಾಣುತ್ತದೆ. ಜೊತೆಗೆ, ನೀರು ಒತ್ತುವ ಬಾವಿ ಮತ್ತು ಉತ್ಪಾದನಾ ಬಾವಿ ಬಿರುಕುಗಳು ಸಾಗುವ ದಿಕ್ಕಿನಲ್ಲೇ ಒಂದೇ ಸಾಲಿಗೆ ಬರಬಾರದು.

ಪ್ರಶ್ನೆ: ಕಿಲೋಮೀಟರುಗಳಾಳದ ಬಿರುಕು ಇರುವುದು ತಿಳಿಯುವುದು ಹೇಗೆ?

ಉತ್ತರ: ಮೊದಲ ಸುಳಿವು ಕೊರೆಯುವಾಗಲೇ ಸಿಗುತ್ತದೆ: ಡ್ರಿಲ್ಲಿಂಗ್ ಮಡ್ (ಕೊರೆಯುವಾಗ ಬಾವಿಯೊಳಗೆ ಹರಿಸುವ ಕೆಸರಿನಂಥ ದ್ರವ) ಇದ್ದಕ್ಕಿದ್ದಂತೆ ಬಂಡೆಯೊಳಗೆ ಸೋರಿಹೋಗುತ್ತದೆ. ಅದನ್ನು ತಡೆಯಲು ಸುಣ್ಣಕಲ್ಲಿನ ಪುಡಿ ಬಳಸುವುದು ಲೇಸು, ಮುಂದೆ ಆಮ್ಲದಲ್ಲಿ ಕರಗಿಸಬಹುದು. ಅಭ್ರಕದ ಚೂರು ಹಾಕಿದರೆ ಉತ್ಪಾದನೆಯ ದಾರಿಯೇ ಕಾಯಂ ಮುಚ್ಚೀತು.

ಕೋರ್‌ನಲ್ಲಿ ಕಂಡ ಸೀಳೆಲ್ಲ ಸಹಜ ಬಿರುಕಲ್ಲ, ಕೊರೆತದ ಒತ್ತಡಕ್ಕೂ ಕಲ್ಲು ಸೀಳುತ್ತದೆ. ಸೀಳಿನ ಮೈಮೇಲೆ ಖನಿಜದ ಲೇಪವಿದ್ದರೆ ಅದು ಸಹಜವಾದದ್ದು. ನೀರು ಆಧಾರಿತ ಮಡ್ ಇರುವ ಬಾವಿಯ ಗೋಡೆಯ ಚಿತ್ರವಾದ ಇಮೇಜ್ ಲಾಗ್‌ನಲ್ಲಿ ತೆರೆದ ಬಿರುಕು ಕಪ್ಪಾಗಿಯೂ ಕ್ಯಾಲ್ಸೈಟ್ ತುಂಬಿದ್ದು ತಿಳಿಯಾಗಿಯೂ ಕಾಣುತ್ತದೆ. ಆದರೆ ಆಳದ ಬಿರುಕುಗಳು ಬಹುಪಾಲು ಲಂಬವಾಗಿರುತ್ತವೆ. ಮೀಟರಿಗೊಂದು ಲಂಬ ಬಿರುಕಿದ್ದರೂ 20 ಸೆಂ.ಮೀ. ವ್ಯಾಸದ ನೇರ ಬಾವಿಗೆ ಅದು ಎದುರಾಗುವ ಸಾಧ್ಯತೆ ಐದರಲ್ಲಿ ಒಂದು. ಬಿರುಕಿನ ದಿಕ್ಕಿಗೆ ಅಡ್ಡವಾಗಿ ಓರೆ ಬಾವಿ ಕೊರೆದರೆ ಮಾತ್ರ ಎಣಿಕೆ ನಂಬುವಂತಾಗುತ್ತದೆ.

ಬಾವಿ ಮುಚ್ಚಿ ಒತ್ತಡದ ಏರಿಕೆ ಅಳೆಯುವ ಪರೀಕ್ಷೆ ಇನ್ನೂ ಮುಖ್ಯ. ವಾರೆನ್ ಮತ್ತು ರೂಟ್ 1963ರಲ್ಲಿ ಕೊಟ್ಟ ಮಾದರಿಯಂತೆ, ಒತ್ತಡವನ್ನು ಕಾಲದ ಲಾಗರಿದಮ್ಮಿಗೆ ಎದುರಾಗಿ ಗುರುತಿಸಿದ ನಕ್ಷೆಯಲ್ಲಿ ಎರಡು ಸಮಾನಾಂತರ ರೇಖೆಗಳು ಬರುತ್ತವೆ: ಮೊದಲನೆಯದು ಬಿರುಕುಗಳದ್ದು, ಎರಡನೆಯದು ಕಲ್ಲೂ ಬಿರುಕೂ ಸೇರಿದ್ದು. ಬಾವಿಯನ್ನು ಬೇಗ ತೆರೆದುಬಿಟ್ಟರೆ ಎರಡನೆಯದು ಕಾಣುವುದೇ ಇಲ್ಲ.

ಪ್ರಶ್ನೆ: ಅನಿಲಕ್ಕೂ ಇದೇ ಅನ್ವಯವೇ?

ಉತ್ತರ: ಭಾಗಶಃ. ಅನಿಲ ಬಿರುಕಿಗೆ ಸುಲಭವಾಗಿ ಬರುತ್ತದೆ. ಕೆಳಗೆ ನೀರಿದ್ದರೆ ಅದು ಬಿರುಕಿನಲ್ಲಿ ಮೇಲೇರಿ, ಕಲ್ಲಿನೊಳಗೂ ಇಂಗಿ, ಒಂದಷ್ಟು ಅನಿಲವನ್ನು ಅಲ್ಲೇ ಸೆರೆಹಿಡಿಯುತ್ತದೆ. ನೀರು ಬಾವಿಗೆ ತಲುಪುವ ಮೊದಲೇ ಉತ್ಪಾದನೆಯ ವೇಗ ಇಳಿಸಬೇಕು. ತಲುಪಿದ ಮೇಲೆ ಇಳಿಸಿದರೆ ನೀರನ್ನು ಮೇಲೆತ್ತುವಷ್ಟು ರಭಸ ಅನಿಲಕ್ಕಿಲ್ಲದೆ ಬಾವಿ ನಿಂತೇಹೋದೀತು.