ಅತಿಥಿಯನ್ನು ವೇದಿಕೆಯಿಂದ ಕೆಳಗಿಳಿಸಿ

ಪ್ರಶ್ನೆ: ನಾನು ಪದವಿ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ವರ್ಷಕ್ಕೆ ಮೂರು ನಾಲ್ಕು ವಿಶೇಷ ಉಪನ್ಯಾಸ ಇಡುತ್ತೇವೆ. ಒಳ್ಳೆಯ ವಿದ್ವಾಂಸರೇ ಬರುತ್ತಾರೆ. ಆದರೆ ಮಕ್ಕಳು ಸುಮ್ನೆ ಕೂತಿರುತ್ತಾರೆ, ಒಂದು ಪ್ರಶ್ನೆಯೂ ಬರುವುದಿಲ್ಲ. ಸಿಲಬಸ್ ಮುಗಿಸುವುದೇ ಕಷ್ಟ, ಇದೆಲ್ಲ ಯಾಕೆ ಅಂತ ಜೊತೆಯವರು ಕೇಳುತ್ತಾರೆ. ಬಿಟ್ಟುಬಿಡಲೇ?
– ಒಬ್ಬ ಉಪನ್ಯಾಸಕಿ, ಹಾವೇರಿ ಜಿಲ್ಲೆ

ಉತ್ತರ: ಬಿಡಬೇಡಿ. ಆದರೆ ಮೂರು ನಾಲ್ಕು ಬೇಡ, ವರ್ಷಕ್ಕೆ ಒಂದೇ ಸಾಕು. ಆ ಒಂದಕ್ಕೆ ಇಡೀ ದಿನ ಕೊಡಿ.

ನಾನು 31 ವರ್ಷ ಪಾಠ ಮಾಡಿದವಳು. ಒಂದು ಕಾಲೇಜಿನ ಕಾರ್ಯಕ್ರಮ ಈಗಲೂ ಮನಸ್ಸಿಗೆ ಚುಚ್ಚುತ್ತದೆ. ಹತ್ತೂವರೆಗೆ ಅಂದಿದ್ದರು, ಶುರುವಾಗಿದ್ದು ಹನ್ನೊಂದೂಕಾಲಿಗೆ. ಪ್ರಾರ್ಥನೆ, ಸ್ವಾಗತ, ದೀಪ, ಪರಿಚಯ, ಶಾಲು, ಹಣ್ಣಿನ ಬುಟ್ಟಿ. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದಿದ್ದ ಆ ಹಿರಿಯರಿಗೆ ಸಿಕ್ಕಿದ್ದು ಇಪ್ಪತ್ತೇ ನಿಮಿಷ. ವಂದನಾರ್ಪಣೆ ಹೊತ್ತಿಗೆ ಮಕ್ಕಳು ಬ್ಯಾಗ್ ಹೆಗಲಿಗೇರಿಸಿದ್ದರು. ಮಕ್ಕಳದ್ದೇನೂ ತಪ್ಪಿಲ್ಲ. ಪ್ರಶ್ನೆ ಹುಟ್ಟೋಕೆ ಸ್ವಲ್ಪ ಹೊತ್ತು ಬೇಕಲ್ವಾ?

ಸೊರಬದ ಕಡೆ ಇದ್ದಾಗ ಶಾಸನ ಓದುವವರೊಬ್ಬರನ್ನು ಕರೆಸಿದ್ದೆವು. ಭಾಷಣ ಅರ್ಧ ಗಂಟೆ. ಆಗಲೂ ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಅವರೇ, 'ನಿಮ್ಮೂರಲ್ಲಿ ಕಲ್ಲು ಎಲ್ಲಿದೆ, ತೋರಿಸ್ರಪ್ಪಾ' ಅಂದರು. ಮಕ್ಕಳು ಕೆರೆ ಏರಿಯ ವೀರಗಲ್ಲಿನ ಹತ್ತಿರ ಕರೆದುಕೊಂಡು ಹೋದರು. ದಿನಾ ಅದರ ಪಕ್ಕದಲ್ಲೇ ನಡೆದು ಕಾಲೇಜಿಗೆ ಬರುತ್ತಿದ್ದ ಮಕ್ಕಳು.

ಕಲ್ಲನ್ನು ಉಜ್ಜಿ ತೊಳೆಸಿದರು. ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಅಕ್ಷರದ ಗುಳಿಯೊಳಗೆ ಕೂರಿಸಿದರು. ಮೇಲೆ ಬಟ್ಟೆಯ ಉಂಡೆಯಿಂದ ಮಸಿ ಒತ್ತಿದರು. ಕಾಗದವೆಲ್ಲ ಕಪ್ಪು, ಅಕ್ಷರ ಮಾತ್ರ ಬಿಳಿ. ಒಂದೊಂದೇ ಅಕ್ಷರ ತೋರಿಸಿಕೊಟ್ಟ ಮೇಲೆ ಒಬ್ಬ ಹುಡುಗಿ ತಾನೇ ಕೂಡಿಸಿ ಓದಿದಳು: 'ತುಱು'. ತುರು ಅಂದರೆ ದನ. ಕಳ್ಳರ ಕೈಯಿಂದ ಊರ ದನ ಬಿಡಿಸಲು ಹೋಗಿ ಸತ್ತವನ ಕಲ್ಲು ಅದು. ಕೆಳಗೆ ಕಾಳಗ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ.

'ಅವನ ಹೆಂಡತಿ ಏನಾದಳು ಸಾರ್?' ಅಂತ ಆ ಹುಡುಗಿ ಕೇಳಿದಳು. ಅಲ್ಲಿಂದ ಕತ್ತಲಾಗುವವರೆಗೂ ಪ್ರಶ್ನೆ ನಿಲ್ಲಲಿಲ್ಲ.

ಹೊರಗಿನಿಂದ ಬಂದವರ ಒಂದು ಮಾತು ಎಷ್ಟು ದೂರ ಹೋಗುತ್ತದೆ ಅನ್ನೋದಕ್ಕೆ ನಮ್ಮಲ್ಲೇ ಹಳೆಯ ಉದಾಹರಣೆ ಇದೆ. 1911ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ತಲೆ ಎತ್ತುವ ಬಗೆ ಹೇಗೆ ಅಂತ ಮಾತಾಡಿದರು. ಅವರು ಮೈಸೂರು ಸಂಸ್ಥಾನದ ಇಂಗ್ಲಿಷ್ ಮೇಷ್ಟ್ರು. ಧಾರವಾಡ ಆಗ ಮುಂಬಯಿ ಪ್ರಾಂತದಲ್ಲಿತ್ತು. ಬೇರೆ ಆಡಳಿತದ ಊರಿಗೆ ಹೋಗಿ ಆಡಿದ ಆ ಮಾತನ್ನು ನಾವು ಇವತ್ತಿಗೂ ಪಾಠದಲ್ಲಿ ಹೇಳುತ್ತೇವೆ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ ನಡೆಸುವ ಶಿಬಿರಕ್ಕೂ ಹೋಗಿ ಬನ್ನಿ. ಅಲ್ಲಿ ಬೆಳಿಗ್ಗೆ ಉಪನ್ಯಾಸ ಕೇಳಿದವರು ಮಧ್ಯಾಹ್ನ ಊಟದ ಸಾಲಿನಲ್ಲೂ ಅದೇ ವಾದ ಮುಂದುವರಿಸುತ್ತಾರೆ. ರಾತ್ರಿ ನಾಟಕ ನೋಡಿ, ಮಾರನೇ ದಿನ ಅದರ ಮೇಲೆ ಮತ್ತೆ ಮಾತು.

ನೀವು ಹೀಗೆ ಮಾಡಿ. ಬರುವವರ ಬರಹದ ಎರಡು ಪುಟ ಒಂದು ವಾರ ಮೊದಲೇ ಜೆರಾಕ್ಸ್ ಮಾಡಿ ಮಕ್ಕಳಿಗೆ ಹಂಚಿ. ಸ್ವಾಗತ, ಪರಿಚಯ ಎಲ್ಲ ಸೇರಿ ಐದು ನಿಮಿಷ. ಮಧ್ಯಾಹ್ನ ಹತ್ತು ಹದಿನೈದು ಮಕ್ಕಳೊಂದಿಗೆ ಅವರನ್ನು ಹೊರಗೆ ಕಳಿಸಿ. ನಿಮ್ಮ ಜಿಲ್ಲೆಯಲ್ಲಿ ವೀರಗಲ್ಲಿಗೇನು ಬರ?

ಇನ್ನೊಂದು ಮಾತು. 'ಅತಿಥಿ ಉಪನ್ಯಾಸಕರು' ಅಂತ ಹೆಸರಿಟ್ಟುಕೊಂಡು ವರ್ಷಗಟ್ಟಲೆ ನಮ್ಮ ಕಾಲೇಜುಗಳ ಪಾಠದ ಭಾರ ಹೊತ್ತವರಿದ್ದಾರಲ್ಲ, ಊಟಕ್ಕೆ ವಿದ್ವಾಂಸರ ಪಕ್ಕ ಅವರನ್ನು ಕೂರಿಸಿ. ಅಂಥ ಮಾತುಕತೆ ಅವರಿಗೆ ಸಿಗೋದು ತುಂಬ ಅಪರೂಪ.

ಬಸ್ ಚಾರ್ಜನ್ನು ಅವತ್ತೇ ಕವರಿನಲ್ಲಿ ಹಾಕಿ ಕೈಗೆ ಕೊಡಿ, ಬಿಲ್ ಆಮೇಲೆ ಪಾಸಾಗಲಿ. ಹಣ್ಣಿನ ಬುಟ್ಟಿ ಬೇಡ. ಅವತ್ತು ಕಲ್ಲಿನಿಂದ ತೆಗೆದ ಕಾಗದದಚ್ಚಿನ ಒಂದು ಪ್ರತಿಗೆ ಮಕ್ಕಳ ಸಹಿ ಹಾಕಿಸಿ ಕೊಟ್ಟು ಕಳಿಸಿ.