‘ಇಲಿಗೆ ಗುಣವಾಯ್ತು, ನನ್ನ ಮಗನಿಗೆ ಯಾವಾಗ?’

ರಾಣೆಬೆನ್ನೂರಿನ ಅಕ್ಕಾವರೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎಂಟು ವರ್ಷದ ಮಗನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಅಂದರೆ ಸ್ನಾಯುಗಳು ಕ್ರಮೇಣ ಕ್ಷೀಣಿಸುವ ರೋಗ. ನೆಲದಿಂದ ಏಳುವಾಗ ಮೊದಲು ಮೊಣಕಾಲ ಮೇಲೆ ಕೈಯೂರಿ, ಆಮೇಲೆ ತೊಡೆ ಹಿಡಿದು, ತನ್ನ ಮೈಯನ್ನೇ ಏಣಿ ಮಾಡಿಕೊಂಡು ಏಳುತ್ತಾನೆ, ಹುಬ್ಬಳ್ಳಿ ಬಸ್ಸಿನ ಮೆಟ್ಟಿಲು ಹತ್ತಿಸಲು ಎತ್ತಿಕೊಳ್ಳಬೇಕು ಅಂತ ಬರೆದಿದ್ದೀರಿ. ಸ್ಟೀರಾಯ್ಡ್‌ನಿಂದ ಮುಖ ಊದಿದೆ, ಅದನ್ನು ಬಿಟ್ಟು, ಇಲಿಗಳಿಗೆ ಗುಣ ಕೊಟ್ಟಿತು ಅಂತ ನಮ್ಮ ಪತ್ರಿಕೆಯ ವರದಿಯಲ್ಲಿ ಬಂದ ಆ ಕಿಣ್ವ ತಡೆಯುವ ಔಷಧ ಕೊಡಬಹುದಾ ಅನ್ನುವುದು ನಿಮ್ಮ ಪ್ರಶ್ನೆ.

ಆ ವರದಿಯ ತಲೆಬರಹದಲ್ಲಿ ‘ಗುಣ’ ಅಂತ ಹಾಕಿದ್ದು ನಮ್ಮ ತಪ್ಪು. ಕ್ಷಮಿಸಿ.

ಈ ರೋಗದಲ್ಲಿ ಡಿಸ್ಟ್ರೋಫಿನ್ ಅನ್ನುವ ಪ್ರೋಟೀನ್ ಇರುವುದಿಲ್ಲ. ಅದಿಲ್ಲದೆ ಸ್ನಾಯುಕೋಶದ ಹೊದಿಕೆ ಹರಿಯುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಕ್ಯಾಲ್ಪೇನ್‌ನಂಥ ಕಿಣ್ವಗಳು ಎದ್ದು ಸ್ನಾಯುವನ್ನೇ ಕತ್ತರಿಸುತ್ತವೆ. ಅಂಥವನ್ನು ಕಟ್ಟಿಹಾಕಿದರೆ ಹಾನಿ ಕಡಿಮೆಯಾದೀತಾ ಅಂತ ಹೆಚ್ಚಾಗಿ ನೋಡುವುದು ಎಂಡಿಎಕ್ಸ್ ಅನ್ನುವ ಇಲಿಯಲ್ಲಿ. ಅದಕ್ಕೂ ಡಿಸ್ಟ್ರೋಫಿನ್ ಇಲ್ಲ. ಆದರೆ ಅದರ ಸ್ನಾಯು ಹರಿದರೂ ಮತ್ತೆ ಬೆಳೆಯುತ್ತದೆ, ಸುಮಾರು ಎರಡು ವರ್ಷ ಓಡಾಡಿಕೊಂಡಿರುತ್ತದೆ. ಮಕ್ಕಳಲ್ಲಿ ಹಾಗಲ್ಲ, ಹರಿದ ಜಾಗದಲ್ಲಿ ಕೊಬ್ಬು ಮತ್ತು ಗಾಯದ ನಾರು ತುಂಬಿಕೊಳ್ಳುತ್ತವೆ. ಇದೇ ರೋಗ ಬರುವ ಗೋಲ್ಡನ್ ರಿಟ್ರೀವರ್ ನಾಯಿಗಳ ಸ್ಥಿತಿ ಮಕ್ಕಳಿಗೆ ಜಾಸ್ತಿ ಹತ್ತಿರ. ಹಾಗಾಗಿ ಯಾವ ಪ್ರಾಣಿ ಅಂತ ನಾವು ಮೊದಲೇ ಬರೆಯಬೇಕಿತ್ತು.

ರಕ್ತದ ಹರಿವು ಹೆಚ್ಚಿಸುವ ಒಂದು ಗುಂಪಿನ ಕಿಣ್ವತಡೆ ಔಷಧಗಳು ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿದವು. ಅದೇ ಗುಂಪಿನ ಟಡಾಲಫಿಲ್ ಅನ್ನು 331 ಹುಡುಗರಲ್ಲಿ 48 ವಾರ ಪರೀಕ್ಷಿಸಿದರು. ನಡಿಗೆ ಕುಸಿಯುವ ವೇಗ ತಗ್ಗಲಿಲ್ಲ.

ಹಾಗಂತ ಇಲಿಯ ಕೆಲಸ ಸುಮ್ನೆ ಹೋಗಿಲ್ಲ. ಎಚ್‌ಡಿಎಸಿ ಅನ್ನುವ ಇನ್ನೊಂದು ಬಗೆಯ ಕಿಣ್ವಗಳನ್ನು ತಡೆದರೆ ಇಲಿಯ ಸ್ನಾಯು ಸುಧಾರಿಸುತ್ತದೆ ಅಂತ 2006ರಲ್ಲಿ ಪ್ರಕಟವಾಯಿತು. ಅದೇ ಬಗೆಯ ಗಿವಿನೋಸ್ಟ್ಯಾಟ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2024ರ ಮಾರ್ಚ್‌ನಲ್ಲಿ, ಆರು ವರ್ಷ ತುಂಬಿದವರಿಗೆ. ಅಷ್ಟಕ್ಕೇ 18 ವರ್ಷ ಹಿಡಿಯಿತು, ನಿಮ್ಮಂಥ ತಾಯಂದಿರಿಗೆ ಅದು ಎಷ್ಟು ದೀರ್ಘ ಅಂತ ನನಗೆ ಗೊತ್ತಾಗುತ್ತದೆ. ಆ ಪರೀಕ್ಷೆಯ ಮುಖ್ಯ ಅಳತೆ ನಿಮ್ಮ ಬಸ್ಸಿನ ಮೆಟ್ಟಿಲಿನ ಥರದ್ದೇ: ನಾಲ್ಕು ಮೆಟ್ಟಿಲು ಹತ್ತಲು ಎಷ್ಟು ಸೆಕೆಂಡು ಬೇಕು? ಔಷಧ ತಗೊಂಡವರೂ ನಿಧಾನವಾದರು, ಆದರೆ ತಗೊಳ್ಳದವರಷ್ಟು ಅಲ್ಲ. ಇನ್ನೊಂದು ಮಾತು, ಆ ಹುಡುಗರೆಲ್ಲ ಜೊತೆಗೆ ಸ್ಟೀರಾಯ್ಡ್ ತಗೊಳ್ತಾನೇ ಇದ್ದರು.

ಆದ್ದರಿಂದ ಅಕ್ಕಾ, ದಯವಿಟ್ಟು ಸ್ಟೀರಾಯ್ಡ್ ಮಾತ್ರೆ ನಿಲ್ಲಿಸಬೇಡಿ. ಬಹಳ ದಿನ ತಗೊಂಡಾಗ ಮೈ ತಾನೇ ತಯಾರಿಸುವ ಸ್ಟೀರಾಯ್ಡ್ ಕಡಿಮೆಯಾಗಿರುತ್ತದೆ. ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ. ಮುಖ ಊದಿದ್ದನ್ನು ಮುಂದಿನ ಸಲದವರೆಗೆ ಕಾಯದೆ ಡಾಕ್ಟರಿಗೆ ಈಗಲೇ ಫೋನ್ ಮಾಡಿ ಹೇಳಿ, ಡೋಸ್ ಬದಲಿಸಬೇಕಾದರೆ ಅವರೇ ಬದಲಿಸಲಿ.

– ಸಂಪಾದಕ, ಹುಬ್ಬಳ್ಳಿ