ಪ್ರತಿಕ್ರಿಯೆ: 12345678987654321 ಎಕ್ಸೆಲ್‌ನಲ್ಲಿ ಸಮಸಂಖ್ಯೆಯಾಗಿ ಕಾಣುವುದೇಕೆ?
ಶಾಲೆಯ ಗಣಿತ ಫಲಕಕ್ಕಾಗಿ 12345678987654321ರ ಗುಣಗಳನ್ನು ಪರೀಕ್ಷಿಸುವಾಗ, ಎಕ್ಸೆಲ್ ಎಂಬ ಲೆಕ್ಕಪಟ್ಟಿ ತಂತ್ರಾಂಶದಲ್ಲಿ ಅದು ಸಮಸಂಖ್ಯೆಯಾಗಿ ಕಂಡಿತೆಂದು ನೀವು ಕೇಳಿದ್ದೀರಿ. ದೋಷವಿರುವುದು ನಿಮ್ಮ ಸಂಖ್ಯೆಯಲ್ಲಲ್ಲ. ಎಕ್ಸೆಲ್ ಯಾವುದೇ ಸಂಖ್ಯೆಯ ಮೊದಲ 15 ಅಂಕಿಗಳನ್ನಷ್ಟೇ ಉಳಿಸಿಕೊಳ್ಳುವುದರಿಂದ, 17 ಅಂಕಿಗಳ 12345678987654321 ಅಲ್ಲಿ 12345678987654300 ಆಗಿದೆ.

ಮೊದಲು ಕೋಶವನ್ನು ‘ಟೆಕ್ಸ್ಟ್’ ಎಂದು ಬದಲಿಸಿ, ಅನಂತರವೇ ಸಂಖ್ಯೆಯನ್ನು ಹೊಸದಾಗಿ ಬರೆಯಿರಿ. ಬರೆದ ಮೇಲೆ ಬದಲಿಸಿದರೆ ಕಳೆದುಹೋದ ಅಂಕಿಗಳು ಮರಳುವುದಿಲ್ಲ (ಚಿತ್ರದುರ್ಗದಲ್ಲಿ ನಮ್ಮ ತರಗತಿಯ ಮಕ್ಕಳು ಎಡವಿದ್ದೂ ಇಲ್ಲಿಯೇ). ಟೆಕ್ಸ್ಟ್ ಕೋಶದಿಂದ ಲೆಕ್ಕ ಮಾಡಿಸಲು ಹೋಗದೆ, ಸಂಖ್ಯೆಯ ಗುಣಗಳ ಪರೀಕ್ಷೆಯನ್ನು ಹೀಗೆ ಕಾಗದದ ಮೇಲೆ ಮಾಡುವುದೇ ಲೇಸು.

ಕೊನೆಯ ಅಂಕಿ 1 ಆದ್ದರಿಂದ ಸಂಖ್ಯೆ ಬೆಸ. ಅಂಕಿಗಳ ಮೊತ್ತ 81, ಆದ್ದರಿಂದ 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. 37ರ ಪರೀಕ್ಷೆಗೆ ಬಲದಿಂದ ಮೂರು ಮೂರು ಅಂಕಿಗಳಾಗಿ ಬಿಡಿಸಿ ಕೂಡಿರಿ: 12 + 345 + 678 + 987 + 654 + 321 = 2997, ಅಂದರೆ 37 × 81; 999 ಎಂಬುದು 37ರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದಲೇ ಈ ಉಪಾಯ ನಡೆಯುತ್ತದೆ. ವಾಸ್ತವವಾಗಿ ಇದು 111111111ರ ವರ್ಗ; 111111111 = 3² × 37 × 333667 ಆಗಿರುವುದರಿಂದ ನಿಮ್ಮ ಸಂಖ್ಯೆ 3⁴ × 37² × 333667². ಘಾತಗಳಿಗೆ ಒಂದೊಂದು ಕೂಡಿಸಿ ಗುಣಿಸಿದರೆ 5 × 3 × 3 = 45 ಭಾಜಕಗಳು ದೊರೆಯುತ್ತವೆ. ದಾವಣಗೆರೆಯ ನಿಮ್ಮ ಶಾಲೆಯ ಗಣಿತ ಫಲಕದ ಮೇಲೆ ಇಷ್ಟನ್ನು ಧೈರ್ಯವಾಗಿ ಬರೆಯಬಹುದು.